ಮೂರು ಬೀಗದ ಅಕ್ಕೋರು

ಅಕ್ಕೋರು ತೀರಿಕೊಂಡು ಎಂಟು ತಿಂಗಳಾಯಿತು. ಯಲಬುರ್ಗಾದಲ್ಲಿ ಈಗಲೂ ಯಾರಾದರೂ ಮನೆಗೆ ಬೀಗ ಹಾಕಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ತಿರುಗಿ ಬಂದು ಬೀಗ ಜಗ್ಗಿ ನೋಡಿದರೆ, ಕಂಡವರು "ಏನ್ರಿ, ಅಕ್ಕೋರು ಮೈಮ್ಯಾಲ ಬಂದಾರೇನು?" ಎಂದು ನಗುತ್ತಾರೆ. ಜಗ್ಗಿದವರೂ ನಗುತ್ತಾರೆ. ಆದರೆ ಜಗ್ಗುವುದನ್ನು ಬಿಡುವುದಿಲ್ಲ.

ನಮ್ಮ ಕಡೆ ಸಾಲಿಯ ಮೇಡಂಗೆ ಅಕ್ಕೋರು ಅನ್ನುವುದು ರೂಢಿ. ಹಾಗೆ ನೋಡಿದರೆ ಊರಲ್ಲಿ ಹತ್ತಾರು ಅಕ್ಕೋರು ಇದ್ದರು. ಆದರೆ ಮುಂದೆ ಹೆಸರು ಹಚ್ಚದೆ ಬರೀ "ಅಕ್ಕೋರು" ಅಂದರೆ ಇವರೊಬ್ಬರೇ. ಐದಡಿಗಿಂತ ಸ್ವಲ್ಪ ಕಡಿಮೆ ಎತ್ತರ. ಕನ್ನಡಕ ಬೀಳದಂತೆ ಅದಕ್ಕೊಂದು ದಾರ. ಸೆರಗಿಗೆ ಎರಡು ಪಿನ್ನು, ಒಂದು ಹಾಕಿಕೊಳ್ಳಲು, ಇನ್ನೊಂದು ಮೊದಲನೆಯದು ಬಿಚ್ಚಿದರೆ ಇರಲಿ ಎಂದು. ಕೊರಳಲ್ಲಿ ಮಾಂಗಲ್ಯವಿರಲಿಲ್ಲ, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಅದರ ಜಾಗದಲ್ಲಿ ಒಂದು ಸೀಟಿ ಇತ್ತು. ಆಟದ ಮಾಸ್ತರರು ಊದುತ್ತಾರಲ್ಲ, ಅಂಥ ಉಕ್ಕಿನ ಸೀಟಿ.

ನನಗೆ ಅವರು ನಾಲ್ಕನೇ ಇಯತ್ತೆಯಲ್ಲಿ ಕಲಿಸಿದರು. ಪಾಠಕ್ಕಿಂತ ಹೆಚ್ಚು ಕಲಿಸಿದ್ದು ಪಾರಾಗುವುದನ್ನು. ಸಾಲಿಗೆ ಬೆಂಕಿ ಬಿದ್ದರೆ ಏನು ಮಾಡಬೇಕು ಎಂದು ವಾರಕ್ಕೊಮ್ಮೆ ತಾಲೀಮು. ಸೀಟಿ ಊದಿದ ಕೂಡಲೇ ನಲವತ್ತೂ ಮಂದಿ ಕಿಟಕಿಯಿಂದ ಹೊರಗೆ ಜಿಗಿಯಬೇಕು. ನಮ್ಮದು ನೆಲಕ್ಕೆ ಹತ್ತಿದ ಸಾಲಿ, ಕಿಟಕಿಯ ಪಕ್ಕದಲ್ಲೇ ಅಗಲವಾದ ಬಾಗಿಲು. ಒಮ್ಮೆ ನಾನು ಧೈರ್ಯ ಮಾಡಿ ಕೇಳಿದೆ. "ಅಕ್ಕೋರ, ಬಾಗಲಾ ಐತಲ್ರಿ?"

"ಬಾಗಲಕ್ಕ ಬೆಂಕಿ ಹತ್ತಿದ್ರ ಏನ್ಮಾಡ್ತಿ?"

ಮುಂದಿನ ವಾರ ಎಲ್ಲರಿಗಿಂತ ಮೊದಲು ಕಿಟಕಿ ಹಾರಿದವನು ನಾನೇ. ಒಂದು ದಿನ ತಾಲೂಕಿನಿಂದ ತಪಾಸಣೆಗೆ ಬಂದ ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅಕ್ಕೋರು ಸೀಟಿ ಊದಿದರು. ನಾವೆಲ್ಲ ದಡಬಡ ಎದ್ದು ಕಿಟಕಿಗೆ ಹಾರಿದೆವು. ಏನಾಯಿತೆಂದು ತಿಳಿಯದ ಸಾಹೇಬರೂ ಫೈಲು ಬಗಲಲ್ಲಿಟ್ಟುಕೊಂಡು ನಮ್ಮ ಹಿಂದೆಯೇ ಜಿಗಿದರು. ಅಂಗಳದಲ್ಲಿ ಬಿದ್ದು ಧೂಳು ಕೊಡವಿಕೊಳ್ಳುತ್ತಿದ್ದವರಿಗೆ ಅಕ್ಕೋರು ಒಳಗಿಂದಲೇ ಹೇಳಿದರು. "ನೀವು ನಲವತ್ತೊಂದನೇದವರು ಆದ್ರಿ ಸರ್. ಜೀವಾ ಉಳೀತು."

ಬಸ್ಸಿನಲ್ಲಿ ಅವರು ಕೂರುತ್ತಿದ್ದುದು ಡ್ರೈವರನ ಬೆನ್ನ ಹಿಂದಿನ ಸೀಟಿನಲ್ಲಿ ಮಾತ್ರ. "ಅವ ತನ್ನ ಜೀವಾ ಉಳಿಸ್ಕೊಳ್ಳಾಕ ನೋಡ್ತಾನಲ್ಲ, ಅವನ ನೆರಳಿನ್ಯಾಗ ನಮ್ದೂ ಉಳೀತೈತಿ" ಎಂಬುದು ಅವರ ಲೆಕ್ಕ. ಆ ಸೀಟು ಖಾಲಿ ಇಲ್ಲದಿದ್ದರೆ ಮುಂದಿನ ಬಸ್ಸು. ಹೀಗಾಗಿ ಕೊಪ್ಪಳಕ್ಕೆ ಹೋಗಿ ಬರಲು ಅವರಿಗೆ ಇಡೀ ದಿನ ಬೇಕಾಗುತ್ತಿತ್ತು. ಹುಲಿಗಿಯ ಜಾತ್ರೆಗೆ ಹೋದರೆ ಹೊಳೆಯಲ್ಲಿ ಮುಳುಗು ಹಾಕುವ ಮುಂಚೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇನ್ನೊಂದು ತುದಿಯನ್ನು ಮಗಳ ಕೈಯಲ್ಲಿ ಕೊಡುತ್ತಿದ್ದರು. ನೀರು ಮೊಣಕಾಲಿನವರೆಗೂ ಇರುತ್ತಿರಲಿಲ್ಲ. ಮಗಳಿಗೆ ಆಗ ಆರು ವರ್ಷ. "ಹುಷಾರಿದ್ದವ ಹೋಳಿಗಿ ತಿಂದ, ಮೈಮರತವ ಮಣ್ಣ ತಿಂದ" ಎಂಬ ಗಾದೆಯನ್ನು ಅವರು ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದರು. ಆ ಗಾದೆಯನ್ನು ಬೇರೆ ಯಾರ ಬಾಯಲ್ಲೂ ನಾನು ಕೇಳಿಲ್ಲ, ಅವರೇ ಕಟ್ಟಿದ್ದಿರಬೇಕು.

ಇಂಥ ಅಕ್ಕೋರು ಸುಮಾರು ಹನ್ನೊಂದು ವರ್ಷದ ಹಿಂದೆ, ನಿವೃತ್ತಿಯಾದ ಹೊಸತರಲ್ಲಿ, ತಹಶೀಲ್ದಾರ್ ಕಚೇರಿಯ ಎದುರಿನ ನನ್ನ ಜೆರಾಕ್ಸ್ ಅಂಗಡಿಗೆ ಬಂದು, "ತಮ್ಮಾ, ಪಾಸ್‌ಪೋರ್ಟ್ ಮಾಡಿಸ್ಬೇಕು" ಅಂದರು.

"ಎಲ್ಲಿಗ್ರಿ ಅಕ್ಕೋರ?"

"ಇಥಿಯೋಪಿಯಾ."

ಅವರ ಅಳಿಯ ಅಲ್ಲಿ ಅರ್ಬಾ ಮಿಂಚ್ ಎಂಬ ಊರಿನ ಕಾಲೇಜಿನಲ್ಲಿ ಲೆಕ್ಕ ಕಲಿಸುತ್ತಿದ್ದ. ಮಗಳು ಅವನ ಜೊತೆಗಿದ್ದಳು, ಈಗ ಬಸುರಿ. ಬಾಣಂತನ ಮಾಡಲು ತಾಯಿ ಹೋಗಲೇಬೇಕು. ಅಂಗಡಿಯಲ್ಲಿ ಆ ಹೊತ್ತಿಗೆ ನಾಲ್ಕು ಮಂದಿ ಇದ್ದರು. ಇಥಿಯೋಪಿಯಾ ಎಲ್ಲಿದೆ ಎಂದು ಒಬ್ಬರಿಗೂ ಗೊತ್ತಿರಲಿಲ್ಲ. ಅಲ್ಲಿ ಏನಾಗುತ್ತದೆ ಎಂಬುದು ಮಾತ್ರ ನಾಲ್ವರಿಗೂ ಗೊತ್ತಿತ್ತು.

ಕುಷ್ಟಗಿಯಿಂದ ಪಹಣಿ ತೆಗೆಸಲು ಬಂದಿದ್ದ ದಾಳಿಂಬೆ ತೋಟದವರು, "ಅಲ್ಲಿ ಸಿಂಹ ಓಣ್ಯಾಗ ತಿರಗ್ತಾವಂತ್ರಿ, ನಮ್ಮಲ್ಲಿ ನಾಯಿ ತಿರಗಿಧಂಗ" ಅಂದರು. ಪಿಂಚಣಿ ಕಾಗದ ಹಿಡಿದುಕೊಂಡಿದ್ದ ಹಿರಿಯರೊಬ್ಬರು ದನಿ ತಗ್ಗಿಸಿ, "ಊಟಕ್ಕ ಕರದ್ರ ಹೋಗಬ್ಯಾಡ್ರಿ ತಂಗಿ. ನಮಗ ಉಣಿಸಾಕ ಕರದಾರೋ, ನಮ್ಮನ್ನ ಉಣ್ಣಾಕ ಕರದಾರೋ ಗೊತ್ತಾಗೂದಿಲ್ಲ" ಅಂದರು. ನಾನು ಡಿಗ್ರಿ ಮುಗಿಸಿದವನು, ಇವರಿಗಿಂತ ಶಾಣ್ಯಾ ಎಂದುಕೊಂಡು, "ಅಲ್ಲಿ ಕುಡಿಯಾಕ ನೀರರ ಸಿಗತಾವೇನ್ರಿ?" ಎಂದು ಕೇಳಿದೆ. ಅರ್ಬಾ ಮಿಂಚ್ ಅಂದರೆ ನಲವತ್ತು ಚಿಲುಮೆ ಎಂದು ಆಮೇಲೆ ತಿಳಿಯಿತು. ವಾರಕ್ಕೊಮ್ಮೆ ನಲ್ಲಿ ಬರುವ ಊರಿನವನು ನಾನು, ನಲವತ್ತು ಚಿಲುಮೆಯ ಊರಿನವರ ನೀರಿನ ಚಿಂತೆ ಮಾಡಿದ್ದೆ.

ಅದೇ ಹೊತ್ತಿಗೆ ಟಿ.ವಿ.ಯಲ್ಲಿ ಆಫ್ರಿಕಾದ ಯಾವುದೋ ಮೂಲೆಯ ಗಲಾಟೆಯನ್ನು ತೋರಿಸಿದರು. ಅಕ್ಕೋರು ನನ್ನ ಅಂಗಡಿಯಿಂದಲೇ ಮಗಳಿಗೆ ಫೋನು ಹಚ್ಚಿಸಿದರು. ಮಗಳು ನಕ್ಕಳು. "ಅವ್ವಾ, ಅದು ಬ್ಯಾರೆ ದೇಶ. ಇಲ್ಲಿಂದ ಸಾವಿರಾರು ಮೈಲು. ಕಾಶ್ಮೀರದಾಗ ಏನರ ಆದ್ರ ನೀ ಯಲಬುರ್ಗಾದಾಗ ಬಾಗಲಾ ಹಾಕ್ಕೋತಿಯೇನು?"

"ಹಾಕ್ಕೋತೀನಲ್ಲ!" ಅಂದರು ಅಕ್ಕೋರು. ಅದು ಸುಳ್ಳಲ್ಲ. ಹಾಕಿಕೊಳ್ಳುತ್ತಿದ್ದರು.

ಅಂತೂ ಹೊರಟರು. ಬಾಣಂತಿಗೆಂದು ಅಂಟಿನುಂಡೆ, ಅಜವಾನ, ಹಳೆ ಹತ್ತಿ ಸೀರೆ. ತಮಗೆಂದು ಜೋಳದ ಹಿಟ್ಟು, ಐವತ್ತು ಕಟಕ ರೊಟ್ಟಿ, ಗುರೆಳ್ಳು ಚಟ್ನಿ. ಹುಟ್ಟುವ ಕೂಸಿಗೆ ಕಿನ್ನಾಳದ ಕಟ್ಟಿಗೆಯ ಗಿಳಿ ಒಂದು ಜೋಡಿ. ಇವೆಲ್ಲ ಒಂದು ಚೀಲದಲ್ಲಿ. ಇನ್ನೊಂದು ಚೀಲದಲ್ಲಿ ಬರೀ ಹುಷಾರಿ: ಕೊಪ್ಪಳದ ಸಂತೆಯಲ್ಲಿ ಕೊಂಡ ಮೂರು ಹಿತ್ತಾಳೆ ಬೀಗ, ಖಾರದ ಪುಡಿ, ಹಗ್ಗ, ಸ್ಟೀಲಿನ ಸಣ್ಣ ತಾಟು ಎಂಟು.

ಅಳಿಯನಿಂದ ಅವರು ಆ ನಾಡಿನ ಭಾಷೆ ಕಲಿಯಲೂ ಶುರು ಮಾಡಿದ್ದರು. ಮೊದಲ ದಿನ ಫೋನಿನಲ್ಲಿ, "ಕಳ್ಳ ಅನ್ನಾಕ ಏನಂತಾರ?" ಎಂದು ಕೇಳಿದರು.

"ಲೇಬಾ ಅಂತಾರ್ರಿ ಅತ್ತಿ. ನಮಸ್ಕಾರಕ್ಕ ಏನಂತಾರಂದ್ರ..."

"ಅದು ಆಮ್ಯಾಲ. ಇದ ಸಾಕು."

ಪಾಠ ಅಲ್ಲಿಗೇ ಮುಗಿಯಿತು. ಹದಿನೈದು ದಿನ ಅಕ್ಕೋರು ಯಲಬುರ್ಗಾದ ತಮ್ಮ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ "ಲೇಬಾ, ಲೇಬಾ" ಎಂದು ಗಂಟಲು ಹದ ಮಾಡಿಕೊಂಡರು. ಅವರನ್ನು ಮುಂಬಯಿಗೆ ಕರೆದುಕೊಂಡು ಹೋಗಿ ವಿಮಾನಕ್ಕೆ ಬಿಟ್ಟು ಬಂದವನು ನಾನೇ. ಒಳಗೆ ಹೋಗುವ ಮುಂಚೆ ನನ್ನನ್ನು ಕರೆದು ಕಿವಿಯಲ್ಲಿ, "ತಮ್ಮಾ, ಡ್ರೈವರ್ ಹಿಂದಿನ ಸೀಟು ಸಿಗತೈತೇನು ಕೇಳು" ಅಂದರು.

ಮುಂದಿನದನ್ನು ನಾನು ಎರಡು ಬಾಯಿಂದ ಕೇಳಿದ್ದೇನೆ. ಅಕ್ಕೋರು ಹೇಳಿದ್ದು ಒಂದು, ಪಕ್ಕದಲ್ಲಿ ಕೂತ ಮಗಳು ತಿದ್ದಿದ್ದು ಇನ್ನೊಂದು. ಮಗಳದೇ ಹೆಚ್ಚು ನಂಬಿಕೆಗೆ ಯೋಗ್ಯ, ಅಕ್ಕೋರದೇ ಹೆಚ್ಚು ಚೆಂದ.

ಅಳಿಯನ ಮನೆಗೆ ಸುತ್ತಲೂ ಗೋಡೆ, ಮುಂದೆ ತಗಡಿನ ಗೇಟು. ಹೋದ ಮೊದಲ ದಿನವೇ ಅಕ್ಕೋರು ಗೇಟಿಗೆ ಮೂರೂ ಬೀಗ ಜಡಿದರು. ಅಂಗಳದುದ್ದಕ್ಕೂ ಹಗ್ಗ ಕಟ್ಟಿ ತಾಟು ನೇತುಹಾಕಿದರು, ಯಾರಾದರೂ ಒಳಬಂದರೆ ಸಪ್ಪಳವಾಗಲಿ ಎಂದು. ಕಿಟಕಿಯ ಕಟ್ಟೆಗೆ ಖಾರದ ಪುಡಿ ಉದುರಿಸಿದರು. ಮಧ್ಯಾಹ್ನ ಗಾಳಿ ಬಿಟ್ಟಿತು, ಸಂಜೆಯವರೆಗೆ ಅಕ್ಕೋರೇ ಕಣ್ಣು ತೊಳೆದುಕೊಂಡರು. ಬೀಗದ ಚಾವಿಗಳನ್ನು ದಿನಕ್ಕೊಂದು ಕಡೆ ಅಡಗಿಸಿಡುತ್ತಿದ್ದರು. "ಒಂದ ಕಡೆ ಇಟ್ರ ಕಳ್ಳರಿಗೆ ರೂಢಿ ಆಗತೈತಿ." ಅಳಿಯ ಪಾಪ, ಕಾಲೇಜಿಗೆ ಹೋಗಬೇಕಾದರೆ ದಿನಾ ಅತ್ತೆಯ ಹಿಂದೆ ಹಿಂದೆ ತಿರುಗಿ ಚಾವಿ ಬೇಡಬೇಕಾಗಿತ್ತು.

ಪಕ್ಕದ ಮನೆಯಲ್ಲಿ ಅಲ್ಮಾಜ್ ಎಂಬ ಹೆಂಗಸು ಇದ್ದಳು. ಐವತ್ತರ ವಯಸ್ಸು, ದಪ್ಪ ಮೈ, ಅದಕ್ಕೂ ದಪ್ಪ ನಗು. ಬಸುರಿಯ ತಾಯಿ ಬಂದಿದ್ದಾಳೆಂದು ತಿಳಿದು ಎರಡನೇ ದಿನ ಬುಟ್ಟಿ ಹಿಡಿದು ಬಂದು ಗೇಟು ಬಡಿದಳು. ಅಕ್ಕೋರು ತಗಡಿನ ಸಂದಿಯಿಂದ ನೋಡಿದರು. ಬುಟ್ಟಿಗೆ ಮುಚ್ಚಳವಿತ್ತು.

"ಯಾರವ್ವಾ?" ಒಳಗಿನಿಂದ ಮಗಳು ಕೇಳಿದಳು.

"ಸುಮ್ಮನಿರು. ಬುಟ್ಟಿ ಮುಚ್ಚ್ಯಾಳ."

"ರೊಟ್ಟಿ ತಂದಿರ್ತಾಳ. ಬಾಗಲಾ ತಗಿ."

"ರೊಟ್ಟಿ ಆದ್ರ ಯಾಕ ಮುಚ್ಚತಿದ್ಲು?"

ಯಲಬುರ್ಗಾದಲ್ಲಿ ಅವರೂ ರೊಟ್ಟಿ ಬುಟ್ಟಿ ಮುಚ್ಚಿಯೇ ಇಡುತ್ತಿದ್ದರು ಎಂಬುದು ಆ ಹೊತ್ತಿಗೆ ಅವರಿಗೆ ಹೊಳೆಯಲಿಲ್ಲ. ಅಲ್ಮಾಜ್ ಮೂರು ದಿನ ಬಂದಳು, ಮೂರು ದಿನವೂ ಗೇಟು ತೆಗೆಯಲಿಲ್ಲ. ಇಂಡಿಯಾದ ಮುದುಕಿ ಏನೋ ವ್ರತ ಹಿಡಿದಿರಬೇಕು, ಮಂದಿಯ ಮುಖ ನೋಡಬಾರದಿರಬೇಕು ಎಂದುಕೊಂಡು ಸುಮ್ಮನಾದಳಂತೆ.

ಹೀಗೆ ಎರಡು ವಾರ ಕಳೆಯಿತು. ಹೆರಿಗೆಗೆ ಇನ್ನೂ ಹದಿನೈದು ದಿನ ಇದೆ ಎಂದು ಅಳಿಯ ಕಾಲೇಜಿನ ಕೆಲಸಕ್ಕೆ ರಾಜಧಾನಿಗೆ ಹೋದ. ಮರುದಿನ ಮಧ್ಯಾಹ್ನ ಊಟ ಮಾಡಿ ಕೈ ತೊಳೆಯುತ್ತಿದ್ದ ಮಗಳು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು.

"ಅವ್ವಾ, ನೀರು ಹೋದ್ವು. ಅಲ್ಮಾಜ್‌ನ್ನ ಕರಿ. ಲಗೂನ ಕರಿ."

ಅಕ್ಕೋರು ಗೇಟಿಗೆ ಓಡಿದರು. ಚಾವಿ ಇರಲಿಲ್ಲ. ಒಳಗೆ ಓಡಿ ಹಿಟ್ಟಿನ ಡಬ್ಬಿಗೆ ಕೈ ಹಾಕಿದರು. ಒಂದು ಚಾವಿ ಸಿಕ್ಕಿತು. ದಿಂಬಿನ ಖೋಳಿನಲ್ಲಿ ಇನ್ನೊಂದು ಸಿಕ್ಕಿತು. ಎರಡು ಬೀಗ ತೆಗೆದರು. ಮೂರನೆಯದರ ಚಾವಿಯನ್ನು ಆ ದಿನ ಎಲ್ಲಿಟ್ಟಿದ್ದರೋ ನೆನಪಾಗಲಿಲ್ಲ. ಒಳಗೆ ಮಗಳು ನರಳುತ್ತಿದ್ದಳು. ಫೋನು ಹಚ್ಚಿದರೆ ಅಳಿಯನದು ಹತ್ತಲಿಲ್ಲ. ಮೊಟ್ಟಮೊದಲ ಸಲ ಅಕ್ಕೋರಿಗೆ, ಒಳಗೆ ಯಾರೂ ಬಾರದ ಹಾಗೆ ತಾವು ಮಾಡಿಟ್ಟ ಏರ್ಪಾಡು ತಮ್ಮನ್ನೇ ಹೊರಗೆ ಬಿಡದೆ ಹಿಡಿದಿದೆ ಎಂದು ಗೊತ್ತಾಯಿತು.

"ಆವಾಗ ಆ ಬೀಗಾ ಎರಡೂ ಕೈಲೆ ಹಿಡದು ಜಗ್ಗಿದೆ ತಮ್ಮಾ" ಎಂದು ಅವರು ನನಗೆ ಹೇಳುತ್ತಿದ್ದರು. ಆ ಒಂದು ಮಾತು ಹೇಳುವಾಗ ನಗುತ್ತಿರಲಿಲ್ಲ.

ಅಂಗಳದ ನಡುವೆ ನಿಂತು ಕೂಗಬೇಕೆಂದರು. ಅಲ್ಮಾಜ್ ಎಂಬ ಹೆಸರು ಮಗಳು ಈಗಷ್ಟೇ ಹೇಳಿದ್ದರೂ ಬಾಯಿಗೆ ಬರಲಿಲ್ಲ. ಸಹಾಯ ಎನ್ನಲು ಏನನ್ನುತ್ತಾರೋ ಕಲಿತಿರಲಿಲ್ಲ. ಆ ನಾಡಿನ ಭಾಷೆಯಲ್ಲಿ ಅವರಿಗೆ ಬರುತ್ತಿದ್ದುದು ಒಂದೇ ಮಾತು. ಹದಿನೈದು ದಿನ ರೊಟ್ಟಿ ಬಡಿಯುತ್ತ ಹದ ಮಾಡಿದ ಗಂಟಲಿನಿಂದ ಅದೇ ಹೊರಬಂತು.

"ಲೇಬಾ! ಲೇಬಾ! ಲೇಬಾ!"

ಕೂಗಿ, ಸೀಟಿ ಊದಿದರು. ಊದಿ, ಮತ್ತೆ ಕೂಗಿದರು.

ಕಳ್ಳ ಬಂದಿದ್ದಾನೆ ಎಂದರೆ ಸುಮ್ಮನಿರುವ ಓಣಿ ಅದಲ್ಲ. ಗಳಿಗೆ ತಡೆದು ಗೋಡೆಯ ಮೇಲೆ ಒಂದು ತಲೆ ಕಂಡಿತು, ಆಮೇಲೆ ಮೂರು, ಆಮೇಲೆ ಎಷ್ಟೋ. ಒಬ್ಬನ ಕೈಯಲ್ಲಿ ದೊಣ್ಣೆ, ಇನ್ನೊಬ್ಬನ ಕೈಯಲ್ಲಿ ಸಲಿಕೆ. ಕ್ಷೌರದ ಅಂಗಡಿಯಿಂದ ಎದ್ದು ಬಂದವನೊಬ್ಬನ ಅರ್ಧ ಮುಖಕ್ಕೆ ಸಾಬೂನು, ಕೊರಳಿಗೆ ಟವೆಲು. ಎಲ್ಲರೂ ಧುಮುಕಿದರು, ಎಲ್ಲರೂ ಹಗ್ಗಕ್ಕೆ ಎಡವಿದರು, ಎಂಟು ತಾಟೂ ಒಮ್ಮೆಗೇ ಬಡಿದುಕೊಂಡವು. ಮಂಚದ ಕೆಳಗೆ, ಬಚ್ಚಲಲ್ಲಿ, ಕಪಾಟಿನ ಹಿಂದೆ ಕಳ್ಳನನ್ನು ಹುಡುಕಿದರು. ಹುಡುಕುತ್ತ ಹುಡುಕುತ್ತ ಚೌಕಟ್ಟು ಹಿಡಿದು ನಿಂತ ತುಂಬು ಬಸುರಿಯ ಮುಂದೆ ಬಂದು ಎಲ್ಲರೂ ಗಪ್ಪಾಗಿ ನಿಂತರು.

ಅಷ್ಟರಲ್ಲಿ ಗೋಡೆಯ ಆಚೆ ಕುರ್ಚಿ ಇಟ್ಟು, ಈಚೆ ಇಬ್ಬರ ಹೆಗಲ ಮೇಲೆ ಕಾಲಿಟ್ಟು ಅಲ್ಮಾಜ್ ಇಳಿದಳು. ಬಸುರಿಯನ್ನು ನೋಡಿದಳು. ಒಂದೇ ಮಾತಿಗೆ ಗಂಡಸರನ್ನೆಲ್ಲ ಅಂಗಳಕ್ಕೆ ಅಟ್ಟಿದಳು. ಮಗಳ ಬೆನ್ನು ಸವರುತ್ತ, "ಐಝೋಶ್, ಐಝೋಶ್" ಅಂದಳು. ಹೊರಗಿನವರೂ ಅಕ್ಕೋರ ಮುಖ ನೋಡಿ "ಐಝೋಶ್" ಅಂದರು.

"ನನ್ನ ಮಗಳು ಸಾಯಾಕ ಹತ್ಯಾಳ, ಇವರಿಗೆ ಏನ್ ಜೋಶ್ ಬಂದೈತಿ ಅಂತ ನನಗ ಸಿಟ್ಟ ಬಂತು" ಅನ್ನುತ್ತಿದ್ದರು ಅಕ್ಕೋರು. ಹೆಣ್ಣುಮಗಳಿಗೆ "ಅಂಜಬ್ಯಾಡ, ನಾವು ಅದೀವಿ" ಎನ್ನಲು ಅಲ್ಲಿ ಹೇಳುವ ಮಾತು ಅದು ಎಂದು ಆಮೇಲೆ ಮಗಳು ತಿಳಿಸಿದಳು.

ಬೀಗ ಒಡೆಯಲು ಹೋದರೆ ಒಡೆಯಲಿಲ್ಲ, ಕೊಪ್ಪಳದ ಸಂತೆಯ ಮಾಲು ಗಟ್ಟಿಯಾಗಿತ್ತು. ಕಡೆಗೆ ನಾಲ್ವರು ಸೇರಿ ಗೇಟನ್ನೇ ತಿರುಗಣಿಯಿಂದ ಎತ್ತಿ, ಬೀಗದ ಸಮೇತ ಪಕ್ಕಕ್ಕೆ ಒರಗಿಸಿದರು. ಹೊರಗೆ ಆಟೋ ಬಂದು ನಿಂತಿತು. ನಮ್ಮಲ್ಲಿ ಓಡಾಡುವಂಥದೇ ಮೂರು ಗಾಲಿಯ ಆಟೋ. ಮಗಳು, ಅಲ್ಮಾಜ್, ಅಕ್ಕೋರು ಹಿಂದೆ ಕೂತರು. ಅರ್ಧ ಗಡ್ಡದವನು ಡ್ರೈವರನ ಪಕ್ಕ ಕೂತು ದಾರಿಯುದ್ದಕ್ಕೂ "ಸರೀರಿ, ಸರೀರಿ" ಎಂಬಂತೆ ಕೈ ಬೀಸುತ್ತ ಹೋದ. ಅಕ್ಕೋರು ಅಲ್ಮಾಜಳ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ ಅವಳ ಬಳೆ ಮಣಿದು ಹೋಗಿತ್ತಂತೆ.

ಆಸ್ಪತ್ರೆ ಮುಟ್ಟಿ ಒಂದು ತಾಸಿಗೆ ಹೆಣ್ಣು ಕೂಸು ಹುಟ್ಟಿತು. ತಾಯಿ, ಕೂಸು ಇಬ್ಬರೂ ಸುಖ. ಸುದ್ದಿ ಕೇಳಿದ ಅಕ್ಕೋರು ಬೆಂಚಿನ ಮೇಲೆ ಕುಸಿದು ಸೆರಗಿನಿಂದ ಕಣ್ಣು ಒರೆಸಿಕೊಳ್ಳಲು ಹೋದರು. ಮೂಗಿಗೆ ಏನೋ ಗಟ್ಟಿಯಾದದ್ದು ಬಡಿಯಿತು. ಸೆರಗಿನ ತುದಿಯ ಗಂಟಿನಲ್ಲಿ ಮೂರನೇ ಚಾವಿ ಇತ್ತು. ಅದನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ಪಿಳಿಪಿಳಿ ನೋಡಿದರು. ಅಲ್ಮಾಜ್ ಚಾವಿಯನ್ನು ನೋಡಿದಳು, ಅಕ್ಕೋರ ಮುಖ ನೋಡಿದಳು. ಆಮೇಲೆ ನಗಲು ಶುರು ಮಾಡಿದಳು. ಬೆಂಚಿನಿಂದ ಜಾರಿ ನೆಲಕ್ಕೆ ಕೂತು ನಕ್ಕಳು. ಅಕ್ಕೋರಿಗೂ ತಡೆಯಲಾಗಲಿಲ್ಲ. ಅರ್ಧ ಗಡ್ಡದವನು ಕೂಸಿನ ಮುಖ ನೋಡಿದ ಮೇಲೆಯೇ ಉಳಿದರ್ಧ ಬೋಳಿಸಿಕೊಳ್ಳಲು ಹೋದನಂತೆ.

ಮೂರನೇ ದಿನ ಓಣಿಯ ಹೆಂಗಸರೆಲ್ಲ ಸೇರಿ ಬಾಣಂತಿಗೆ ಗೆನ್ಫೋ ಎಂಬ ಅಡಿಗೆ ಮಾಡಿ ತಂದರು. ಈ ಸಲ ಬುಟ್ಟಿಯ ಮುಚ್ಚಳವನ್ನು ಅಕ್ಕೋರೇ ತೆಗೆದರು. ಹಿಟ್ಟಿನ ದೊಡ್ಡ ಮುದ್ದೆ, ನಡುವೆ ಗುಳಿ ಮಾಡಿ ಬೆಣ್ಣೆ, ಖಾರ. "ಯವ್ವಾ, ಇದು ನಮ್ಮ ಸಂಗಟಿ!" ಅಂದರು. ಅಕ್ಕೋರ ಗುರೆಳ್ಳು ಚಟ್ನಿಯನ್ನು ಅಲ್ಮಾಜ್ ಮೂಸಿ ನೋಡಿದವಳೇ "ನೂಗ್!" ಎಂದು ಕುಣಿದಾಡಿದಳು. ಆ ಕಾಳು ಅವರ ಹೊಲದಲ್ಲೂ ಬೆಳೆಯುತ್ತದಂತೆ. ಅಲ್ಲಿನವರು ಬುಧವಾರ, ಶುಕ್ರವಾರ ಉಪವಾಸವೆಂದು ಮಾಂಸ, ಹಾಲು ಮುಟ್ಟದೆ ಬೇಳೆ, ಕಡಲೆಹಿಟ್ಟಿನ ಸಾರು ಮಾಡುತ್ತಾರೆ. ಕಡಲೆಹಿಟ್ಟಿನದು ಬಾಯಿಗಿಟ್ಟರೆ ನಮ್ಮ ಝುಣಕ. ಊಟಕ್ಕೆ ಕರೆದರೆ ಹೋಗಬೇಡಿ ಎಂಬ ಬುದ್ಧಿಮಾತು ಕಟ್ಟಿಕೊಂಡು ಹೋದ ಅಕ್ಕೋರು ವಾರಕ್ಕೆ ಎರಡು ದಿನ, ಕರೆಯದಿದ್ದರೂ ಹೋಗತೊಡಗಿದರು.

ಅವರಿಬ್ಬರನ್ನು ನಿಜವಾಗಿ ಹತ್ತಿರ ತಂದದ್ದು ಮಾತ್ರ ಗಾಳಿ. ಬಾಣಂತಿಗೆ ಗಾಳಿ ತಾಗಬಾರದೆಂದು ಅಕ್ಕೋರು ಮಗಳ ಕಿವಿಗೆ ಅರಳೆ ತುರುಕಿ, ತಲೆಗೆ ಬಟ್ಟೆ ಸುತ್ತಿದ್ದರು. ಮಗಳು ಕಿಟಕಿ ತೆಗೆ ಎಂದು ಗೋಗರೆದಾಗ ಅಲ್ಮಾಜ್ ಒಳಗೆ ಬಂದಳು. ಗಾಳಿಗೆ ಅಂಜುವುದರಲ್ಲಿ ಆ ನಾಡಿನವರು ನಮ್ಮನ್ನು ಮೀರಿಸಿದವರಂತೆ, ಬಸ್ಸಿನಲ್ಲಿ ಎಂಥ ಸೆಕೆಯಿದ್ದರೂ ಕಿಟಕಿ ತೆಗೆಯಗೊಡುವುದಿಲ್ಲವಂತೆ. ಅಲ್ಮಾಜ್ ಅರಳೆಯನ್ನು ನೋಡಿ ಮೆಚ್ಚಿ ತಲೆಯಾಡಿಸಿ, ತೆರೆದಿದ್ದ ಇನ್ನೊಂದು ಕಿಟಕಿಯನ್ನೂ ಮುಚ್ಚಿದಳು. "ಜಗತ್ತಿನ್ಯಾಗ ನನಗಿಂತ ಹುಷಾರ್ ಹೆಂಗಸು ಇರಾಕಿಲ್ಲ ಅಂದ್ಕೊಂಡಿದ್ದೆ ತಮ್ಮಾ" ಅನ್ನುತ್ತಿದ್ದರು ಅಕ್ಕೋರು, ಗೌರವದಿಂದ.

ಆ ದೇಶದ ಗಡಿಯಾರವೂ ಬೇರೆ. ಅಲ್ಲಿ ಹೊತ್ತು ಹುಟ್ಟಿದಲ್ಲಿಂದ ತಾಸು ಎಣಿಸುತ್ತಾರೆ, ನಮ್ಮ ಏಳು ಗಂಟೆ ಅವರಿಗೆ ಒಂದು. ಅಲ್ಮಾಜ್ ಒಂಬತ್ತು ಬೆರಳು ತೋರಿಸಿ "ಒಂಬತ್ತಕ್ಕೆ ಕಾಫಿಗೆ ಬಾ" ಅಂದರೆ ಮಧ್ಯಾಹ್ನ ಮೂರಕ್ಕೆ ಎಂದರ್ಥ. ಅಕ್ಕೋರು ಬೆಳಿಗ್ಗೆ ಒಂಬತ್ತಕ್ಕೇ ಹೋಗಿ ಕೂತರು. ನೆಲ ಒರೆಸುತ್ತಿದ್ದ ಅಲ್ಮಾಜ್ ಅರಿವೆ ಬಿಸಾಕಿ, ಕಾಳು ಹುರಿದು, ಕುಟ್ಟಿ, ಕುದಿಸಿ ಮೂರು ಸುತ್ತು ಕಾಫಿ ಕೊಟ್ಟಳು, ಮೂರೂ ಕುಡಿಯುವುದು ಅಲ್ಲಿನ ಮರ್ಯಾದೆ. ಮತ್ತೆ ಮೂರು ಗಂಟೆಗೆ ಕರೆಯಲು ಬೇರೆ ಬಂದಳು, ಕರೆದ ಹೊತ್ತು ಅದೇ ತಾನೆ. ಒಟ್ಟು ಆರು ಬಟ್ಟಲು. ಜನ್ಮದಲ್ಲಿ ಚಹಾ ಬಿಟ್ಟು ಬೇರೆ ಮುಟ್ಟದ ಅಕ್ಕೋರಿಗೆ ಎರಡು ದಿನ ಕಣ್ಣು ಮುಚ್ಚಲಿಲ್ಲ. ಇಡೀ ಓಣಿಗೆ ಅಷ್ಟು ಹುಷಾರಾದ ಕಾವಲು ಹಿಂದೆಂದೂ ಇರಲಿಲ್ಲವಂತೆ.

ಕೂಸಿಗೆ ತಂದ ಕಿನ್ನಾಳದ ಗಿಳಿಗಳಲ್ಲಿ ಒಂದನ್ನು ಅಲ್ಮಾಜ್‌ಗೆ ಕೊಟ್ಟು, ಮೂರು ತಿಂಗಳ ಮೇಲೆ ಅಕ್ಕೋರು ಯಲಬುರ್ಗಾಕ್ಕೆ ಮರಳಿದರು. ನನ್ನ ಅಂಗಡಿಯಲ್ಲಿ ಜನ ಸೇರಿತು.

"ಸಿಂಹ ಕಂಡ್ವೇನ್ರಿ ಅಕ್ಕೋರ?" ಪಿಂಚಣಿಯ ಹಿರಿಯರು ಕೇಳಿದರು.

"ಹೇರು ಹೊರೂ ಕತ್ತಿ ಕಂಡ್ವು. ನಮ್ಮೂರಿನ ಕತ್ತಿಗಿಂತ ಶಾಣ್ಯಾ ಇದ್ದುವು."

"ಅಲ್ಲಿ ಇರಾಕ ಅಂಜಿಕಿ ಬರಲಿಲ್ಲೇನ್ರಿ?"

"ಅಲ್ಮಾಜ್ ನನ್ನ ಮಗಳ ಕಡಿಂದ ಅದನ್ನ ನನಗ ಕೇಳಿಸಿದ್ಲು. ಇಂಡಿಯಾದಾಗ ಮನಿ ಮನ್ಯಾಗ ಹಾವು ಇರ್ತಾವಂತ, ಪೊಲೀಸರು ಕಡೀಕೆ ಬರ್ತಾರಂತ, ಅಷ್ಟರ ತನಕ ಮಂದಿ ಗಿಡಾ ಸುತ್ತಿ ಹಾಡ್ತಾರಂತ. ಅಂಥಲ್ಲಿ ಒಬ್ಬಾಕೀನ ಹೆಂಗ ಇರ್ತಿಯವ್ವಾ, ಇಲ್ಲೇ ಇದ್ದುಬಿಡು ಅಂದ್ಲು. ನಾ ಎಷ್ಟ ಹೇಳಿದ್ರೂ ನಂಬಲಿಲ್ಲ. ಸಿನಿಮಾದಾಗ ನೋಡ್ಯಾಳಂತ."

ಮೂರು ತಿಂಗಳು ಆಫ್ರಿಕಾದಲ್ಲಿ ಒಂದು ಸೂಜಿಯನ್ನೂ ಕಳೆದುಕೊಳ್ಳದ ಅಕ್ಕೋರು, ಬಂದ ವಾರದಲ್ಲೇ ಗಂಗಾವತಿಯ ಒಂದು ಮದುವೆಯಲ್ಲಿ ಹೊಸ ಚಪ್ಪಲಿ ಕಳೆದುಕೊಂಡರು. ಅಕ್ಷತೆ ಬೀಳುವ ಹೊತ್ತಿಗೆ ಹೊರಗಿನಿಂದ ಸೀಟಿಯ ಸಪ್ಪಳ, "ಲೇಬಾ! ಲೇಬಾ!" ಎಂಬ ಕೂಗು. ಗಂಗಾವತಿಯ ಕಡೆ ತೆಲುಗು ಮಾತು ಹೆಚ್ಚು. ಯಾರನ್ನೋ "ಲೇ ಬಾ" ಎಂದು ಕರೆಯುತ್ತಿದ್ದಾರೆ ಎಂದು ಕನ್ನಡದವರು ತಿಳಿದರು, "ಲೇವಾ" ಅಂದರೆ ಏಳುವುದಿಲ್ಲವೇ ಎಂದು ತೆಲುಗಿನವರು ತಿಳಿದರು. ಕೆಲವರು ಬಂದರು, ಕೆಲವರು ಎದ್ದರು. ಕಳ್ಳನನ್ನು ಯಾರೂ ಹಿಡಿಯಲಿಲ್ಲ.

ಅಲ್ಲಿಂದ ಮುಂದೆ ನಮ್ಮ ತಾಲೂಕಿನಿಂದ ಯಾರೇ ಪರದೇಶಕ್ಕೆ ಹೊರಟರೂ ನಾನು ಅವರನ್ನು ಅಕ್ಕೋರ ಹತ್ತಿರ ಕಳಿಸುತ್ತಿದ್ದೆ. ಕುಷ್ಟಗಿಯ ಬೋರ್‌ವೆಲ್ ಲಾರಿಯವನೊಬ್ಬ ಆಫ್ರಿಕಾದ ಇನ್ನೊಂದು ದೇಶಕ್ಕೆ ಬೋರು ಕೊರೆಯಲು ಹೊರಟು, ಅಂಜಿಕೊಂಡು ಕೂತಿದ್ದ. ಅವನನ್ನು ಅಕ್ಕೋರು ನನ್ನ ಅಂಗಡಿಯಲ್ಲೇ ಒಂದು ತಾಸು ಎದುರು ಕೂರಿಸಿಕೊಂಡರು.

"ಪಾಸ್‌ಪೋರ್ಟ್ ನಕಲು ಎರಡು ಕಡೆ ಇಡು. ಎಲ್ಲಿ ಹೋಗಬಾರದು ಅಂತ ಟಿ.ವಿ.ಯವರನ್ನ ಕೇಳಬ್ಯಾಡ, ಓಣಿಯವರನ್ನ ಕೇಳು, ಅವರು ಬ್ಯಾಡಂದಲ್ಲಿ ಹೋಗಬ್ಯಾಡ. ರೊಕ್ಕ ಮಂದಿ ಮುಂದ ತಗೀಬ್ಯಾಡ, ಅದು ಕುಷ್ಟಗ್ಯಾಗೂ ತಗೀಬಾರದು. ಹೋದ ದಿನಾನ ಬಾಜೂ ಮನಿಗೆ ಹೋಗಿ ಹೆಸರು ಹೇಳಿ ಬಾ, ಅವರ ಹೆಸರು ಕೇಳಿ ಬಾ."

"ಬೀಗ ಎಷ್ಟ ಒಯ್ಲಿರಿ ಅಕ್ಕೋರ?"

ಅಕ್ಕೋರು ಕೊರಳ ಸೀಟಿಯನ್ನು ಒಮ್ಮೆ ತಿರುವಿದರು. "ಒಂದು" ಅಂದರು. ಅವರ ಬಾಯಿಂದ ಆ ಲೆಕ್ಕ ಬಂದದ್ದು ಕೇಳಿ ನಾನು ಜೆರಾಕ್ಸ್ ಮೆಷಿನ್ ನಿಲ್ಲಿಸಿದೆ. ತಮ್ಮ ಸ್ವಂತ ಮನೆಗೆ ಮಾತ್ರ ಎರಡು ಹಾಕುತ್ತಿದ್ದರು. ಅದು ಯಲಬುರ್ಗಾ, ಅಲ್ಲಿ ಗೋಡೆ ಹಾರಿ ಬರುವ ಅಲ್ಮಾಜ್ ಇರಲಿಲ್ಲ.

ಮಗಳು, ಅಳಿಯ ಆಮೇಲೆ ಹುಬ್ಬಳ್ಳಿಗೆ ಬಂದು ನೆಲೆಸಿದರು. ಅಲ್ಮಾಜಳ ಫೋನು ಮಾತ್ರ ನಿಲ್ಲಲಿಲ್ಲ. ಒಬ್ಬರ ಭಾಷೆ ಒಬ್ಬರಿಗೆ ಬರುತ್ತಿರಲಿಲ್ಲ. ಅಕ್ಕೋರು ಕನ್ನಡದಲ್ಲಿ ಓಣಿಯ ಸುದ್ದಿ ಹೇಳುತ್ತಿದ್ದರು, ಅವಳು ತನ್ನ ಭಾಷೆಯಲ್ಲಿ ತನ್ನ ಓಣಿಯದು ಹೇಳುತ್ತಿದ್ದಳು. ಅರ್ಧ ತಾಸು ಹೀಗೆ ನಡೆದು, ಇಬ್ಬರೂ ಸಮಾಧಾನದಿಂದ ಫೋನು ಇಡುತ್ತಿದ್ದರು.

ಹೋದ ವರ್ಷ ಅಲ್ಮಾಜಳ ಮಗಳ ಮದುವೆ ನಿಕ್ಕಿಯಾಯಿತು. ಅಕ್ಕೋರು ಹೋಗಲೇಬೇಕೆಂದರು. ಪಾಸ್‌ಪೋರ್ಟ್ ಅವಧಿ ಮುಗಿದಿತ್ತು, ಹೊಸದಕ್ಕೆ ಅರ್ಜಿ ತುಂಬಲು ಅಂಗಡಿಗೆ ಬಂದರು. ಅರ್ಜಿಯಲ್ಲಿ, ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು ಎಂಬ ಒಂದು ಸಾಲು ಬಂತು. ನಾನು ಮಗಳ ಹೆಸರು ಬರೆಯಲು ಹೋದೆ.

"ಅಲ್ಮಾಜ್ ಅಂತ ಬರಿ" ಅಂದರು.

"ಅಕ್ಕೋರ, ಆಕಿ ಇಥಿಯೋಪಿಯಾದಾಗ ಅದಾಳ. ಇಲ್ಲಿ ನಿಮಗೇನರ ಆದ್ರ ಆಕಿ ಏನ್ ಮಾಡ್ತಾಳ್ರಿ?"

"ಏನ್ ಮಾಡ್ತಾಳೋ ನನಗೂ ಗೊತ್ತಿಲ್ಲ. ಆದ್ರ ಏನರ ಮಾಡ್ತಾಳ."

ಕಂಪ್ಯೂಟರ್ ಅಲ್ಲಿಯ ಫೋನ್ ನಂಬರನ್ನು ತೆಗೆದುಕೊಳ್ಳಲಿಲ್ಲ. ಎರಡು ಸಲ ಹಾಕಿದೆ, ಎರಡು ಸಲವೂ ಕೆಂಪು ಅಕ್ಷರ ಬಂತು. ಕಡೆಗೆ ಅಕ್ಕೋರು ಒಪ್ಪಿ ನನ್ನ ನಂಬರು ಹಾಕಿಸಿದರು. ಹಾಕಿಸಿ, ಅಲ್ಮಾಜಳ ನಂಬರನ್ನು ನನ್ನ ಫೋನಿನಲ್ಲಿ ತಾವೇ ಎದುರು ನಿಂತು ಬರೆಸಿದರು. "ನಿನಗ ಫೋನ್ ಬಂದ್ರ, ನೀ ಆಕಿಗೆ ಮಾಡಬೇಕು. ತಿಳೀತಿಲ್ಲೋ?"

ಪಾಸ್‌ಪೋರ್ಟ್ ಬರುವ ಮುಂಚೆಯೇ ಅವರಿಗೆ ಎದೆನೋವು ಕಾಣಿಸಿತು. ಕೊಪ್ಪಳದ ಆಸ್ಪತ್ರೆಯಲ್ಲಿ ಎರಡು ದಿನ ಇದ್ದರು. ಮಗಳು ಹುಬ್ಬಳ್ಳಿಯಿಂದ ಬಂದು ಕೈ ಹಿಡಿದು ಕೂತಿದ್ದಳು, ಬೆಳಗಿನ ಹೊತ್ತು, ನಿದ್ದೆಯಲ್ಲೇ ಹೋದರು. ಹಾಗೆ ಮೈಮರೆತು ಹೋಗುವ ಜಾತಿ ಅಲ್ಲ ಅವರದು, ಆದರೆ ಹೋದರು. ಮಗಳು ನನಗೆ ಫೋನು ಮಾಡಿದಳು. ನಾನು ಅಂಗಡಿಯ ಕದ ಅರ್ಧ ಎಳೆದು, ಮಾತು ಕೊಟ್ಟಿದ್ದೆನಲ್ಲ, ಅಲ್ಮಾಜ್‌ಗೆ ಹಚ್ಚಿದೆ.

ಏನು ಹೇಳಬೇಕು ಎಂದು ಗೊತ್ತಿರಲಿಲ್ಲ. ಅವಳಿಗೆ ಕನ್ನಡ ಬಾರದು, ನನಗೆ ಅವಳ ಭಾಷೆ ಬಾರದು. ಅತ್ತ ಕಡೆ ಫೋನು ಎತ್ತಿದ ಸಪ್ಪಳವಾಯಿತು. "ಅಕ್ಕೋರು..." ಅಂದೆ.

ಅಲ್ಮಾಜ್‌ಗೆ ಅಷ್ಟೇ ಸಾಕಾಯಿತು. ಅವಳ ಹಿಂದೆ ಎಲ್ಲೋ ಒಂದು ಕೋಳಿ ಕೂಗಿತು. ಆಮೇಲೆ, ಅಕ್ಕೋರು ಯಾವಾಗ ಕಲಿಸಿದ್ದರೋ, ಒಂದೊಂದೇ ಅಕ್ಷರ ಜೋಡಿಸಿ, ನಮ್ಮ ಯಲಬುರ್ಗಾದ ದನಿಯಲ್ಲೇ ಕೇಳಿದಳು.

"ಊಟ ಆತೇನ್ರಿ?"

ಸಾವಿನ ಮನೆಯವರನ್ನು ನಮ್ಮ ಕಡೆಯೂ ಮೊದಲು ಕೇಳುವುದು ಅದನ್ನೇ. "ಇಲ್ರಿ" ಅಂದೆ.